ಸೊಪ್ಪಿನೊಳಗಿನ ಹೊಗೆಸೊಪ್ಪು

ಪ್ರಶ್ನೆ: ನನಗೆ 24 ವರ್ಷ. ಊರು ಹುಣಸೂರು ಕಡೆ, ಅಪ್ಪ ಹೊಗೆಸೊಪ್ಪು ಬೆಳೆಯುತ್ತಾರೆ. ಮನೆಯಲ್ಲಿ ಯಾರೂ ಸೇದುವುದಿಲ್ಲ. ಬೆಂಗಳೂರಿಗೆ ಬಂದು ಮೂರು ವರ್ಷ ಆಯಿತು. ಬೆಳ್ಳಂದೂರಿನ ಹತ್ತಿರ ಕೆಲಸ, ಬಿಟಿಎಂನಲ್ಲಿ ಗೆಳೆಯನ ಜೊತೆ ಮನೆ. ನಾನು ಸಿಗರೇಟು ಸೇದುವವನಲ್ಲ, ಆದರೆ ಕಾಗದದಲ್ಲಿ ಗಾಂಜಾ ಸೊಪ್ಪು ಸುತ್ತಿದ ಜಾಯಿಂಟ್ ಸೇದುತ್ತೇನೆ. ಮೊದಲು ಶನಿವಾರ ಮಾತ್ರ ಇತ್ತು. ಈಗ ಒಂದು ವರ್ಷದಿಂದ ದಿನಾ ರಾತ್ರಿ ಎರಡೋ ಮೂರೋ ಆಗುತ್ತದೆ. ಬರೀ ಸೊಪ್ಪು ಹಾಕಿದರೆ ಗಂಟಲು ಉರಿಯುತ್ತದೆ, ಬೇಗ ಖಾಲಿಯೂ ಆಗುತ್ತದೆ ಅಂತ ಒಂದಕ್ಕೆ ಅರ್ಧ ಸಿಗರೇಟಿನ ಪುಡಿ ಬೆರೆಸುತ್ತೇವೆ. ಒಂದೊಂದು ಮುಗಿದ ಮೇಲೂ ಇಬ್ಬರೂ ಒಂದು ಸಿಗರೇಟು ಹಂಚಿಕೊಳ್ಳುತ್ತೇವೆ. ಈ ಸಲ ಗೌರಿ-ಗಣೇಶ ಹಬ್ಬಕ್ಕೆ ಎಂಟು ದಿನ ಊರಿಗೆ ಹೋಗಿದ್ದೆ. ಏನೂ ತೆಗೆದುಕೊಂಡು ಹೋಗಿರಲಿಲ್ಲ. ಮೊದಲ ದಿನ ಸಂಜೆಯೇ ತಲೆ ಕೆಟ್ಟ ಹಾಗಾಗಿ ಅಮ್ಮನ ಮೇಲೆ ರೇಗಿದೆ. ಮರುದಿನ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗೆ ಸೌದೆ ಹಾಕುವವರ ಹತ್ತಿರ ಒಂದು ಬೀಡಿ ಇಸಿದುಕೊಂಡು ಸೇದಿದೆ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನದಿಂದ ಏನೇನೋ ಕನಸು, ಕಡುಬೂ ಸೇರಲಿಲ್ಲ. ಗಾಂಜಾ ಬರೀ ಗಿಡ, ಚಟ ಹಿಡಿಯಲ್ಲ ಅಂತ ರೂಮ್‌ಮೇಟ್ ಹೇಳುತ್ತಾನೆ. ನನಗೆ ಹಿಡಿದಿರುವುದು ಯಾವುದು? ಮೊದಲು ಯಾವುದನ್ನು ಬಿಡಲಿ? ಆಸ್ಪತ್ರೆಗೆ ಹೋದರೆ ಪೊಲೀಸ್, ಕಂಪನಿ ಅಂತ ತಾಪತ್ರಯ ಆಗುತ್ತದಾ?

ಉತ್ತರ: ಆ ಬೀಡಿಯಿಂದಲೇ ಶುರು ಮಾಡೋಣ. ಅದರಲ್ಲಿ ಗಾಂಜಾ ಇರಲಿಲ್ಲ, ಇದ್ದದ್ದು ಹೊಗೆಸೊಪ್ಪು ಮಾತ್ರ. ಆದರೂ ಹತ್ತು ನಿಮಿಷದಲ್ಲಿ ಸಿಟ್ಟು ಇಳಿಯಿತು ಅಂದರೆ ಅಷ್ಟು ಹೊತ್ತೂ ನಿಮ್ಮ ಮೈ ಕೇಳುತ್ತಿದ್ದದ್ದು ನಿಕೋಟಿನ್. ಸಿಗರೇಟು ಸೇದುವವನಲ್ಲ ಅಂತ ಬರೆದಿದ್ದೀರಿ. ಸುಳ್ಳು ಹೇಳಿದ್ದೀರಿ ಅನ್ನುತ್ತಿಲ್ಲ. ನಿಮ್ಮ ಮೆದುಳು ಮಾತ್ರ ಬೇರೆಯದೇ ಲೆಕ್ಕದ ಪುಸ್ತಕ ಇಟ್ಟುಕೊಂಡಿದೆ.

ಅದನ್ನು ಒಮ್ಮೆ ತೆರೆದು ನೋಡಿ. ರಾತ್ರಿಗೆ ಮೂರು ಜಾಯಿಂಟ್, ಒಂದಕ್ಕೆ ಅರ್ಧ ಸಿಗರೇಟು ಅಂದರೆ ಒಂದೂವರೆ. ಪ್ರತಿಯೊಂದು ಮುಗಿದ ಮೇಲೆ ನಿಮ್ಮ ಪಾಲಿನ ಅರ್ಧ ಸಿಗರೇಟು, ಅಲ್ಲಿಗೆ ಇನ್ನೊಂದೂವರೆ. ಒಟ್ಟು ಮೂರು. ಎರಡಕ್ಕೇ ನಿಂತ ರಾತ್ರಿಗಳನ್ನು ಕಳೆದರೂ ವರ್ಷಕ್ಕೆ ಸಾವಿರದ ಹತ್ತಿರ ಬರುತ್ತದೆ. ಸಿಗರೇಟು ಸೇದದವನ ಲೆಕ್ಕ ಇದು!

ಒಂದು ಸಿಗರೇಟಿನಲ್ಲಿ ಸುಮಾರು 0.7 ಗ್ರಾಂ ಹೊಗೆಸೊಪ್ಪು, ಅದರಲ್ಲಿ 10-12 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಸಾಮಾನ್ಯವಾಗಿ ಸೇದುವವರ ಮೈಗೆ ಸೇರುವುದು 1ರಿಂದ 1.5 ಮಿಲಿಗ್ರಾಂ. ಆದರೆ ಜಾಯಿಂಟ್‌ಗೆ ಫಿಲ್ಟರ್ ಇಲ್ಲ. ಅದರ ತುದಿಗೆ ಸುರುಳಿ ಸುತ್ತಿ ಇಡುವ ವಿಸಿಟಿಂಗ್ ಕಾರ್ಡಿನ ಚೂರು ಏನನ್ನೂ ಸೋಸುವುದಿಲ್ಲ. ಮೇಲಾಗಿ ಜಾಯಿಂಟನ್ನು ಯಾರೂ ಸಿಗರೇಟಿನ ಹಾಗೆ ಸೇದುವುದಿಲ್ಲ. ಆಳಕ್ಕೆ ಎಳೆದು ಹೊಗೆಯನ್ನು ಒಳಗೇ ಹಿಡಿದಿಡುತ್ತಾರೆ. ಅರ್ಧ ಸಿಗರೇಟು ಅಂತ ಅರ್ಧ ಲೆಕ್ಕ ಹಾಕಿದರೆ ಅಲ್ಲೇ ತಪ್ಪುತ್ತದೆ.

ನಾನು ಈ ಲೆಕ್ಕ ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷದ ಹಿಂದೆ ನಿಮ್ಮದೇ ವಯಸ್ಸಿನ ಒಬ್ಬ ಹುಡುಗ ಬಂದಿದ್ದ. ಸಿಗರೇಟು ಎಷ್ಟು ಅಂದೆ. ಸೊನ್ನೆ ಡಾಕ್ಟ್ರೇ ಅಂದ. ಜಾಯಿಂಟ್ ಹೇಗೆ ಮಾಡ್ತೀರಪ್ಪಾ ತೋರಿಸಿ ಅಂದಾಗ ಜೇಬಿನಿಂದ ಒಂದು ಕಿಂಗ್ಸ್ ಸಿಗರೇಟು ತೆಗೆದ. ನನ್ನ ಪ್ರಿಸ್ಕ್ರಿಪ್ಷನ್ ಪ್ಯಾಡಿನ ಮೇಲೆ ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಹೊಸೆಯತೊಡಗಿದ. ಚಹಾಪುಡಿ ಉದುರುವ ಹಾಗೆ ಕಂದು ಎಳೆಗಳು ಹಾಳೆಯ ಮೇಲೆ ಬಿದ್ದವು. ಅವುಗಳಲ್ಲಿ ದಪ್ಪ ಕಡ್ಡಿ ಕಂಡದ್ದನ್ನು ಉಗುರಿನ ತುದಿಯಿಂದ ಆಚೆ ಸರಿಸಿದ, ಅಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. ಅರ್ಧ ಖಾಲಿಯಾದ ಮೇಲೆ ಸಿಗರೇಟಿನ ಬಾಯಿ ತಿರುಚಿ ಮತ್ತೆ ಜೇಬಿಗೆ ಇಟ್ಟುಕೊಂಡ. ಆ ಉಳಿದರ್ಧ ಏನಾಗುತ್ತೆ ಅಂತ ಕೇಳಿದೆ. ಅದು ಆಮೇಲೆ ಸೇದೋಕೆ ಅಂದ. ಅಂದವನೇ ನನ್ನ ಮುಖ ನೋಡಿದ, ಆಮೇಲೆ ಅವನಿಗೇ ನಗು ಬಂತು.

ಅಂದಿನಿಂದ ನಾನು ಸಿಗರೇಟು ಸೇದುತ್ತೀರಾ ಅಂತ ಕೇಳುವುದನ್ನು ಬಿಟ್ಟೆ. ದಿನಕ್ಕೆ ಎಷ್ಟು ಕೊಳ್ಳುತ್ತೀರಿ ಅಂತ ಕೇಳುತ್ತೇನೆ. ಅದಕ್ಕೂ ಉತ್ತರ ಸುಲಭವಲ್ಲ. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರುವುದನ್ನು 2017ರಲ್ಲೇ ನಿಷೇಧಿಸಿದ್ದಾರೆ. ಆದರೂ ಆಫೀಸಿನ ಪಕ್ಕದ ಕಾಂಡಿಮೆಂಟ್ಸ್‌ನಲ್ಲಿ ಒಂದು ಟೀ, ಒಂದು ಕಿಂಗ್ಸ್ ಅಂದರೆ ಸಿಗುತ್ತದೆ. ಪ್ಯಾಕ್ ಕೈಗೆ ಬರದಿದ್ದರೆ ಎಷ್ಟಾಯಿತು ಅನ್ನುವ ಲೆಕ್ಕವೂ ಇರುವುದಿಲ್ಲ.

ನಮ್ಮ ಭಾಷೆಯೇ ಇಲ್ಲಿ ಒಂದು ಸುಳಿವು ಕೊಡುತ್ತದೆ ನೋಡಿ. ಬೆಂಗಳೂರಿನ ಹುಡುಗರು ಗಾಂಜಾಕ್ಕೆ ಸೊಪ್ಪು ಅನ್ನುತ್ತಾರೆ. ತಂಬಾಕಿಗೆ ನಾವು ಮೊದಲಿಂದಲೂ ಹೊಗೆಸೊಪ್ಪು ಅನ್ನುತ್ತೇವೆ. ಎರಡೂ ಸೊಪ್ಪೇ, ಎರಡೂ ಒಂದೇ ಕಾಗದದೊಳಗೆ. ಸಾಧುಗಳ ಚಿಲುಮೆಯಲ್ಲೂ ಎರಡೂ ಬೆರೆಯುತ್ತವೆ, ಇದು ನಮ್ಮ ಪುರಾತನ ಸಂಪ್ರದಾಯ ಅಂತ ಕೆಲವರು ವಾದಿಸುತ್ತಾರೆ. ಭಂಗಿ ಹಳೆಯದು, ಒಪ್ಪೋಣ. ಹೊಗೆಸೊಪ್ಪು ಹಾಗಲ್ಲ. ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಕೈಯಿಂದ ನಮ್ಮಲ್ಲಿಗೆ ಬಂದು ಸುಮಾರು 400 ವರ್ಷ ಆಗಿದೆ ಅಷ್ಟೇ. ಇನ್ನು ನಿಕೋಟಿನ್ ಎಂಥದ್ದು ಅಂತ ಹುಣಸೂರಿನವರಿಗೆ ನಾನು ಪಾಠ ಮಾಡಬೇಕಾಗಿಲ್ಲ. ಮಳೆಗೆ ನೆನೆದ ಎಲೆ ಮುರಿದ ದಿನ ಕೂಲಿಯವರಿಗೆ ತಲೆ ಸುತ್ತಿ ವಾಂತಿ ಬರುತ್ತದಲ್ಲ, ಅದು ಚರ್ಮದ ಮೂಲಕ ಮೈಗಿಳಿದ ನಿಕೋಟಿನ್.

ಈಗ ನಿಮ್ಮ ರೂಮ್‌ಮೇಟ್ ಮಾತಿಗೆ ಬರೋಣ. ಗಾಂಜಾ ಚಟ ಹಿಡಿಯಲ್ಲ ಅನ್ನುವುದನ್ನು ಅವರು ಎಲ್ಲಿ ಕೇಳಿದರೋ ಊಹಿಸಬಲ್ಲೆ. ಇಂಥ ಮಾತು ಜಾಸ್ತಿ ಬರುವುದು ಅಮೆರಿಕದ ವಿಡಿಯೋಗಳಿಂದ. ಅಲ್ಲಿ ಜಾಯಿಂಟ್ ಅಂದರೆ ಸಾಮಾನ್ಯವಾಗಿ ಬರೀ ಗಾಂಜಾ. ಹೊಗೆಸೊಪ್ಪು ಬೆರೆಸುವುದು ಯುರೋಪಿನವರ ಮತ್ತು ನಮ್ಮವರ ರೂಢಿ. (ಅಮೆರಿಕದವರಿಗೂ ಒಂದು ಕಳ್ಳದಾರಿ ಇದೆ: ಸಿಗಾರ್‌ನ ಹೊರ ಎಲೆಯಲ್ಲಿ ಗಾಂಜಾ ಸುತ್ತಿ ಬ್ಲಂಟ್ ಅನ್ನುತ್ತಾರೆ. ಆ ಎಲೆಯೇ ತಂಬಾಕು.) ಇನ್ನು ಚಟ ಹಿಡಿಯುವುದೇ ಇಲ್ಲ ಅನ್ನುವುದೂ ಸರಿಯಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲೇ ಆದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ, ಗಾಂಜಾ ಒಮ್ಮೆಯಾದರೂ ಸೇದಿದವರಲ್ಲಿ ಶೇ. 9 ಮಂದಿಗೆ ಅದರ ಅವಲಂಬನೆ ಬಂದಿತ್ತು. ತಂಬಾಕು ಮುಟ್ಟಿದವರಲ್ಲಿ ಶೇ. 32. ನಿಮ್ಮ ಗೆಳೆಯ ಆ ಒಂಬತ್ತರ ಮಾತಾಡುತ್ತಾ ಕೂತಿದ್ದಾರೆ. ನೀವಿಬ್ಬರೂ ಸೇದುತ್ತಿರುವುದು ಒಂಬತ್ತನ್ನೂ ಮೂವತ್ತೆರಡನ್ನೂ ಒಟ್ಟಿಗೆ ಸುತ್ತಿ.

ಎಲ್ಲರೂ ಸೇದುತ್ತಾರೆ ಅನ್ನುವ ಮಾತೂ ಇಂಥದ್ದೇ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. 10ರಿಂದ 75 ವರ್ಷದವರಲ್ಲಿ, ಹಿಂದಿನ ಒಂದು ವರ್ಷದಲ್ಲಿ ಗಾಂಜಾ ಅಥವಾ ಚರಸ್ ಬಳಸಿದವರು ಶೇ. 1.2. ಬಿಟಿಎಂನ ಒಂದು ಬಾಲ್ಕನಿಯಲ್ಲಿ ನಿಂತು ನೋಡಿದರೆ ಊರೆಲ್ಲ ಹೊಗೆ ಕಾಣುತ್ತದೆ, ಅದು ಸಹಜ.

ಇವೆರಡೂ ಒಟ್ಟು ಸೇರುವುದು ಒಂದೇ ರೀತಿಯಲ್ಲಲ್ಲ. ನಿಮ್ಮ ಹಾಗೆ ಒಂದೇ ಕಾಗದದಲ್ಲಿ ಬೆರೆಸುವುದು ಒಂದು. ಜಾಯಿಂಟ್ ಬೆನ್ನಿಗೆ ಸಿಗರೇಟು ಹಚ್ಚುವುದು ಇನ್ನೊಂದು, ಅದೂ ನಿಮ್ಮಲ್ಲಿದೆ. ಮೂರನೆಯದು ತಿಂಗಳ ಕೊನೆಯದು. ಗಾಂಜಾ ಸಿಗಲಿಲ್ಲ, ದುಡ್ಡಿಲ್ಲ, ಆಗ ಸಿಗರೇಟು ತಾನಾಗಿ ಏರುತ್ತದೆ. ಜಾಯಿಂಟ್ ಬಿಟ್ಟೆ ಅಂತ ಖುಷಿಯಾಗಿ ಬಂದವನ ಜೇಬಿನಲ್ಲಿ ಹತ್ತರ ಪ್ಯಾಕ್ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸಿಗರೇಟಿನಿಂದ ಗಾಂಜಾಕ್ಕೆ ಹೋಗುತ್ತಾರೆ ಅಂತ ಅಪ್ಪ-ಅಮ್ಮಂದಿರು ಹೆದರುತ್ತಾರೆ. ಆದರೆ ಈಗ ತಿರುಗುಮುರುಗಾಗಿ, ಜಾಯಿಂಟಿನಿಂದ ಸಿಗರೇಟಿಗೆ ಬಂದವರೂ ಕಡಿಮೆಯಿಲ್ಲ. ನೀವು ಅವರಲ್ಲಿ ಒಬ್ಬರು. ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿಯೂ ಅದನ್ನು ಮುಟ್ಟದವರು, ಬೆಂಗಳೂರಿಗೆ ಬಂದು ಇನ್ನೊಂದು ಸೊಪ್ಪಿನ ಮರೆಯಲ್ಲಿ ಅದನ್ನು ಕಲಿತಿರಿ.

ಜಾಯಿಂಟ್ ಮುಗಿದ ತಕ್ಷಣ ಸಿಗರೇಟು ಯಾಕೆ ಬೇಕೆನಿಸುತ್ತದೆ? ಗಾಂಜಾದಲ್ಲಿರುವ ಟಿಎಚ್‌ಸಿ ನೆನಪನ್ನು ಮಸುಕು ಮಾಡುತ್ತದೆ. ಈಗ ತಾನೇ ಏನು ಹೇಳುತ್ತಿದ್ದೆ ಅನ್ನುವುದೇ ಮರೆತುಹೋಗುತ್ತದೆ, ಅಲ್ವಾ? ನಿಕೋಟಿನ್ ಗಮನವನ್ನು ಚೂಪು ಮಾಡುತ್ತದೆ. ಲಂಡನ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಗಾಂಜಾ ತಂದ ಮರೆವಿನ ಒಂದು ಭಾಗವನ್ನು ತಂಬಾಕು ಸರಿದೂಗಿಸಿದ್ದು ಕಂಡುಬಂತು. ಅಂದರೆ ಒಂದು ಮಂಜು ಕವಿಸುತ್ತದೆ, ಇನ್ನೊಂದು ಸ್ವಲ್ಪ ಒರೆಸುತ್ತದೆ. ದಿನಾ ಹೀಗೆ ಮಾಡಿದರೆ ಒಂದರ ವಾಸನೆ ಬಂದ ಕೂಡಲೇ ಮೆದುಳು ಇನ್ನೊಂದನ್ನು ಕೇಳಲು ಕಲಿಯುತ್ತದೆ. ಬೆಳಗ್ಗೆ ಟೀ ಅಂಗಡಿಯ ಮುಂದೆ ಯಾರೋ ಹಚ್ಚಿದ ಸಿಗರೇಟು ನಿಮಗೆ ರಾತ್ರಿಯ ಜಾಯಿಂಟನ್ನು ನೆನಪಿಸುವುದೂ ಇದೇ ದಾರಿಯಲ್ಲಿ. ಆರಂಭದ ಒಂದೆರಡು ಎಳೆತಕ್ಕೆ ತಲೆ ಗಿಮ್ ಅನ್ನುತ್ತದಲ್ಲ, ಅದನ್ನು ಹುಡುಗರು ಸೊಪ್ಪಿನ ಕಿಕ್ ಅಂದುಕೊಳ್ಳುತ್ತಾರೆ. ಅದರಲ್ಲಿ ದೊಡ್ಡ ಪಾಲು ನಿಕೋಟಿನ್‌ನದು. ಎರಡೂ ಸೇರಿದಾಗ ಎದೆ ಡವಗುಟ್ಟುವುದಕ್ಕೂ ಕಾರಣ ಇದೆ. ಎರಡೂ ಹೃದಯದ ಬಡಿತ ಏರಿಸುವಂಥವು.

ಹಾಗಾದರೆ ನಿಮಗೆ ಹಿಡಿದಿರುವುದು ಯಾವುದು? ಎರಡೂ. ನಿಮ್ಮ ಎಂಟು ದಿನದ ರಜೆ ಅದನ್ನು ದಿನದ ಲೆಕ್ಕದಲ್ಲಿ ಬಿಡಿಸಿ ತೋರಿಸಿದೆ. ನಿಕೋಟಿನ್ ರಕ್ತದಲ್ಲಿ ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಅದರ ಸಿಡಿಮಿಡಿ ಮೊದಲ ದಿನವೇ ಶುರು, ಎರಡು-ಮೂರನೇ ದಿನ ಜೋರು. ಮೊದಲ ಸಂಜೆ ಅಮ್ಮನ ಮೇಲೆ ರೇಗಿದ್ದು ಅದು. ಟಿಎಚ್‌ಸಿ ಹಾಗಲ್ಲ, ಮೈಯ ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಹೊರಡುತ್ತದೆ. ಅದರ ತಕರಾರು ಒಂದು ದಿನ ಬಿಟ್ಟೋ ಎರಡು ದಿನ ಬಿಟ್ಟೋ ಬರುತ್ತದೆ. ನಿದ್ದೆ ಹಾರುತ್ತದೆ, ಕಣ್ಣಿಗೆ ಕಟ್ಟುವಂಥ ಕನಸು ಬೀಳುತ್ತದೆ, ಹಸಿವು ಸಾಯುತ್ತದೆ. ಮೊದಲ ವಾರ ಕಷ್ಟ, ಸಾಮಾನ್ಯವಾಗಿ ಎರಡು ವಾರದಲ್ಲಿ ಇಳಿಯುತ್ತದೆ. ನಿದ್ದೆ ಮಾತ್ರ ಇನ್ನೂ ಸ್ವಲ್ಪ ದಿನ ಸತಾಯಿಸಬಹುದು. ಮುಟ್ಟದೆ ಬಿಟ್ಟ ಕಡುಬು ಈ ಲೆಕ್ಕಕ್ಕೆ. ಇದೆಲ್ಲ ಮನಸ್ಸಿನ ಭ್ರಮೆ ಅಂತ ಹಿಂದೆ ಡಾಕ್ಟರುಗಳೂ ತಳ್ಳಿಹಾಕುತ್ತಿದ್ದರು. 2013ರಲ್ಲಿ ಬಂದ ಡಿಎಸ್‌ಎಂ-5 ಅನ್ನುವ ಮನೋವೈದ್ಯರ ಕೈಪಿಡಿ ಗಾಂಜಾ ಬಿಟ್ಟಾಗಿನ ಈ ತೊಂದರೆಯನ್ನು ಒಂದು ಕಾಯಿಲೆಯಾಗಿಯೇ ಪಟ್ಟಿಗೆ ಸೇರಿಸಿತು.

ನಿಮಗೆ ಇನ್ನೂ ಅನುಮಾನ ಇದ್ದರೆ ನಾನು ಹೇಳುವ ಒಂದು ಸಣ್ಣ ಪರೀಕ್ಷೆ ಇದೆ. ಸಂಜೆ ಆಫೀಸ್ ಬಿಟ್ಟು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಿರುವಾಗ ಜಾಯಿಂಟ್ ನೆನಪು ಕೆರಳುತ್ತದಲ್ಲ, ಆಗ 2 ಮಿಲಿಗ್ರಾಂನ ಒಂದು ನಿಕೋಟಿನ್ ಗಮ್ ಬಾಯಿಗೆ ಹಾಕಿ ಇಪ್ಪತ್ತು ನಿಮಿಷ ಕಾಯಿರಿ. ಮನೆ ಮುಟ್ಟುವಷ್ಟರಲ್ಲಿ ಆತುರ ಇಳಿದಿದ್ದರೆ ಸೊಪ್ಪು ಬೇಕು ಅಂತ ಕಾಡುತ್ತಿದ್ದದ್ದು ನಿಜವಾಗಿ ಹೊಗೆಸೊಪ್ಪು. ಎಷ್ಟೋ ಜನಕ್ಕೆ ಈ ಇಪ್ಪತ್ತು ನಿಮಿಷ ಆಶ್ಚರ್ಯ ತಂದಿದೆ.

ಮೊದಲು ಯಾವುದನ್ನು ಬಿಡುವುದು ಅನ್ನುವ ಬಗ್ಗೆ ನಮ್ಮ ನಮ್ಮಲ್ಲೇ ಒಮ್ಮತವಿಲ್ಲ. ಒಂದೊಂದಾಗಿ ಬಿಡಿಸುವವರಿದ್ದಾರೆ. ನಾನು ಎರಡನ್ನೂ ಒಂದೇ ದಿನ ಬಿಡಿ ಅನ್ನುವ ಕಡೆಯವನು, ನಿಮ್ಮಂತೆ ಬೆರೆಸಿ ಸೇದುವವರಿಗಂತೂ ಖಂಡಿತ. ಗಾಂಜಾ ಮಾತ್ರ ಬಿಟ್ಟು ಸಿಗರೇಟು ಉಳಿಸಿಕೊಂಡರೆ ಅದು ಏರುತ್ತದೆ, ಜೊತೆಗೆ ಪ್ರತಿ ಸಿಗರೇಟೂ ಜಾಯಿಂಟಿನ ನೆನಪು ತರುತ್ತದೆ. ಹೊಗೆಸೊಪ್ಪು ಮಾತ್ರ ಬಿಟ್ಟು ಬರೀ ಸೊಪ್ಪು ಸೇದುತ್ತೇನೆ ಅಂದರೆ ಒಂದು ಜಾಯಿಂಟಿಗೆ ಹೋಗುವ ಗಾಂಜಾ ಹೆಚ್ಚುತ್ತದೆ. ಅದೇ ಕಾಗದ, ಅದೇ ಲೈಟರ್, ಅದೇ ಬಾಲ್ಕನಿ, ಅದೇ ಗೆಳೆಯ. ಇಷ್ಟನ್ನು ಹಾಗೇ ಇಟ್ಟುಕೊಂಡು ಒಳಗಿನ ಪುಡಿ ಮಾತ್ರ ಬದಲಿಸುವುದು ಬಲು ಕಷ್ಟ. ವೇಪ್‌ಗೆ ಹೋಗುವ ಯೋಚನೆ ಬೇಡ. 2019ರಿಂದ ದೇಶದಲ್ಲಿ ಇ-ಸಿಗರೇಟು ಮಾರುವುದೇ ನಿಷಿದ್ಧ, ಕದ್ದು ಸಿಗುವುದರಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಎರಡು ವಾರ ಆಚೆಗೆ ಒಂದು ದಿನ ಗೊತ್ತು ಮಾಡಿ. ಕೆಲಸದ ಒತ್ತಡ ಕಡಿಮೆ ಇರುವ ವಾರ ಆರಿಸಿ, ರಿಲೀಸ್ ಇರುವ ವಾರ ಬೇಡ. ಆ ದಿನ ಕಾಗದ, ಡಬ್ಬಿ, ಲೈಟರ್ ಮನೆಯಿಂದ ಹೊರಗೆ ಹೋಗಲಿ. ನಿಕೋಟಿನ್ ಭಾಗಕ್ಕೆ ಗಮ್ ಇದೆ, ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದೆ. 2 ಮಿಲಿಗ್ರಾಂ ಗಮ್ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆಯೇ ಸಿಗುತ್ತದೆ. ದಿನಕ್ಕೆ ಎಷ್ಟು, ಎಷ್ಟು ವಾರ ಅನ್ನುವುದನ್ನು ಮಾತ್ರ ಡಾಕ್ಟರ್ ಹತ್ತಿರ ಕೇಳಿ. ಇದನ್ನು ಬಬಲ್ ಗಮ್ ಹಾಗೆ ಒಂದೇ ಸಮನೆ ಜಗಿಯಬಾರದು. ನಾಲ್ಕೈದು ಸಲ ಮೆಲ್ಲಗೆ ಜಗಿದು, ಖಾರದ ಹಾಗೆ ಚುರುಕೆನಿಸಿದಾಗ ಕೆನ್ನೆ ಮತ್ತು ಒಸಡಿನ ಸಂದಿಯಲ್ಲಿ ಇಟ್ಟುಬಿಡಿ. ಚುರುಕು ಹೋದ ಮೇಲೆ ಮತ್ತೆ ಜಗಿಯಿರಿ. ಗಮ್ ಕೆಲಸ ಮಾಡಲಿಲ್ಲ ಅನ್ನುವವರಲ್ಲಿ ತುಂಬಾ ಜನ ಅದನ್ನು ಗಬಗಬ ಜಗಿದು ನುಂಗಿ, ಬಿಕ್ಕಳಿಕೆ ಬಂದು ಉಗಿದವರು.

ಗಾಂಜಾ ಭಾಗಕ್ಕೆ ಹಾಗೆ ಕೈಗೆ ಕೊಡುವ ಔಷಧಿ ಇಲ್ಲ. ಅಲ್ಲಿ ಕೆಲಸ ಮಾಡುವುದು ಮಾತು. ಯಾವ ಹೊತ್ತಿಗೆ, ಯಾರ ಜೊತೆ, ಏನಾದಾಗ ಕೈ ಹೋಗುತ್ತದೆ ಅಂತ ಕೌನ್ಸೆಲರ್ ಜೊತೆ ಕೂತು ಬಿಡಿಸಿಕೊಳ್ಳುವುದು. ನಿದ್ದೆ ಬಾರದ ವಾರ ಅಂತ ಬಿಯರ್ ಕುಡಿಯುವುದು, ಯಾರದೋ ನಿದ್ದೆ ಮಾತ್ರೆ ನುಂಗುವುದು ಬೇಡ. ಮೂರನೇ ಚಟಕ್ಕೆ ಬಾಗಿಲು ತೆಗೆದ ಹಾಗಾಗುತ್ತದೆ. ಒಂದು ಎಚ್ಚರಿಕೆ. ಯಾರೋ ಮಾತಾಡಿದ ಹಾಗೆ ಕೇಳಿಸುವುದು, ಎಲ್ಲರೂ ನನ್ನನ್ನೇ ಗಮನಿಸುತ್ತಿದ್ದಾರೆ ಅನ್ನುವ ಗುಮಾನಿ ಬರುವುದು ಇಂಥದ್ದು ಏನಾದರೂ ಇದ್ದರೆ, ಅಥವಾ ಮನೆತನದಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದ್ದರೆ, ಎರಡು ವಾರ ಕಾಯಬೇಡಿ. ಈ ವಾರವೇ ಮನೋವೈದ್ಯರನ್ನು ನೋಡಿ. ದಿನಾ ಗಾಂಜಾ ಸೇದುವವರಲ್ಲಿ ಈ ಅಪಾಯ ಹೆಚ್ಚು.

ಪೊಲೀಸ್ ವಿಷಯ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಯೇ ಅಪರಾಧ. ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆದರೆ ಅದೇ ಕಾಯ್ದೆಯ 64ಎ ಕಲಂ, ಚಟಕ್ಕೆ ಬಿದ್ದವರು ತಾವಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದರೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಮತ್ತೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ನಮ್ಮ ಹೊಣೆ. ನಿಮ್ಮ ಕಂಪನಿಯ ಎಚ್‌ಆರ್ ಫೋನ್ ಮಾಡಿದರೆ ನಾವು ಹೇಳುವ ಹಾಗಿಲ್ಲ. ಕಂಪನಿ ಮೂತ್ರ ಪರೀಕ್ಷೆ ಮಾಡಿಸುವುದಾದರೆ ಅದು ಬೇರೆ ಮಾತು. ದಿನಾ ಸೇದುವವರಲ್ಲಿ ಗಾಂಜಾದ ಗುರುತು ನಿಲ್ಲಿಸಿದ ಮೇಲೂ ಕೆಲವು ವಾರ ಉಳಿಯುತ್ತದೆ.

ನಿಮಗೆ ನಿಮ್ಹಾನ್ಸ್ ದೂರವೇನಲ್ಲ. ಹೊಸೂರು ರಸ್ತೆಯಲ್ಲೇ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ. ಮೊದಲ ದಿನವೇ ಅಲ್ಲಿಗೆ ಹೋಗಲು ಮುಜುಗರ ಅನ್ನಿಸಿದರೆ ಫೋನ್ ಮಾಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416 ಯಾವ ಹೊತ್ತಿನಲ್ಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತಂಬಾಕು ಬಿಡಲು 1800-11-2356, ಮಾದಕ ವಸ್ತುಗಳ ವಿಷಯಕ್ಕೆ 14446. ಎಲ್ಲವೂ ಉಚಿತ. ರೂಮ್‌ಮೇಟನ್ನೂ ಕರೆದುಕೊಂಡು ಹೋದರೆ ಒಳ್ಳೆಯದು. ಬರದಿದ್ದರೆ ಜಗಳ ಬೇಡ, ಮೂರು ವಾರ ಸೇದುವಾಗ ಬಾಲ್ಕನಿಯ ಬಾಗಿಲು ಹಾಕಿಕೊಳ್ಳಲಿ ಅಂತ ಮಾತ್ರ ಕೇಳಿಕೊಳ್ಳಿ.

ಕೊನೆಗೆ ಕಾಫಿಯ ಮಾತು. ಇದನ್ನು ಯಾರೂ ಹೇಳುವುದಿಲ್ಲ ಅಂತ ಹೇಳುತ್ತಿದ್ದೇನೆ. ಸೇದುವ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಲಿವರ್‌ನ ಒಂದು ಕಿಣ್ವವನ್ನು ಚುರುಕು ಮಾಡಿರುತ್ತವೆ. ಕೆಫೀನನ್ನು ಕರಗಿಸುವುದು ಅದೇ ಕಿಣ್ವ. ಹೊಗೆ ನಿಂತ ಕೆಲವೇ ದಿನದಲ್ಲಿ ಅದು ನಿಧಾನವಾಗುತ್ತದೆ, ಕುಡಿದ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಗಮ್ ಜಗಿದರೂ ಇದು ತಪ್ಪದು, ಯಾಕೆಂದರೆ ಇದು ಹೊಗೆಯ ಕೆಲಸ, ನಿಕೋಟಿನ್‌ದಲ್ಲ. ದಿನಕ್ಕೆ ಒಂದು ಪ್ಯಾಕ್ ಸೇದುವವರಿಗಾಗುವಷ್ಟು ನಿಮಗೆ ಆಗದಿರಬಹುದು. ಆದರೂ ಎದೆ ಡವಡವ, ಕೈ ನಡುಕ, ರಾತ್ರಿ ಎರಡು ಗಂಟೆಗೂ ಎಚ್ಚರ ಅಂತಾದಾಗ ನೀವು ಅದನ್ನು ಚಟ ಬಿಟ್ಟಿದ್ದರ ಸಂಕಟ ಅಂದುಕೊಂಡು ಮತ್ತೆ ಕಾಗದ ಹುಡುಕುತ್ತೀರಿ. ಇನ್ನೊಂದು ಕಾರಣವೂ ಇದೆ. ಬಾಯಿಯಲ್ಲಿ ಕಾಫಿಯ ಹುಳಿ ಇದ್ದರೆ ಗಮ್‌ನ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಕುಡಿದು ಕಾಲು ಗಂಟೆಯಾದರೂ ಬಿಟ್ಟು ಹಾಕಿಕೊಳ್ಳಬೇಕು. ಹಾಗಾಗಿ ಆ ಎರಡು-ಮೂರು ವಾರ ಮಧ್ಯಾಹ್ನದ ಮೇಲೆ ಕಾಫಿ ಬೇಡ. ಬೆಳಗ್ಗೆ ದರ್ಶಿನಿಯಲ್ಲಿ ಪಕ್ಕದಲ್ಲಿ ಒಬ್ಬರು ಇದ್ದೇ ಇರುತ್ತಾರೆ, ಬೈ-ಟೂ ಹೇಳಿ.